ಹಳಿಯಿಲ್ಲದ ರೈಲುದಾರಿಯಲ್ಲಿ

ಬೈಸಿಕಲ್ಲಿಗೂ ಉಪಾಧ್ಯಾಯನಿಗೂ ನಮ್ಮ ನಾಡಿನಲ್ಲಿ ಬಹುಕಾಲದ ನಂಟು. ಕೆಲಸಕ್ಕೆ ಸೇರಿದ ವರ್ಷ ನಾವು ಕೊಂಡ ಕಪ್ಪು ಬೈಸಿಕಲ್ಲು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮನ್ನು ಪಾಠಶಾಲೆಗೆ ಕರೆದೊಯ್ದು ಸಂಜೆ ಮನೆಗೆ ತಂದು ಬಿಡುತ್ತಿದ್ದಿತು. ಮಕ್ಕಳಿಗೆ ಹೇಳಿಕೊಡಬೇಕಾದ ಶಬ್ದರೂಪಗಳನ್ನು ಪೆಡಲಿನ ಲಯಕ್ಕೆ ಹೊಂದಿಸಿ ಗುಣುಗುಣಿಸುತ್ತ ಎಷ್ಟೋ ಸಾವಿರ ಮೈಲಿ ನಡೆದುಹೋಯಿತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಒಂದು ದಿನ ಹಿಂದಿನಿಂದ ಬಂದ ಮರಳಿನ ಲಾರಿಯೊಂದು ನಮ್ಮ ಮೊಣಕೈಯನ್ನು ಸವರಿಕೊಂಡು ಹೋಯಿತು. ನಾವು ಚರಂಡಿಯಲ್ಲಿ ಬಿದ್ದೆವು. ಮೂಳೆಗೆ ಏನೂ ಆಗಲಿಲ್ಲವಾದರೂ ಬೈಸಿಕಲ್ಲಿನ ಹಿಡಿ ಸೊಟ್ಟಗಾಯಿತು. ಮನಸ್ಸಿನೊಳಗೂ ಏನೋ ಒಂದು ಸೊಟ್ಟಗಾಯಿತು. ಅಂದಿನಿಂದ ಆ ವಾಹನವು ಹಿತ್ತಲಿನ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿತು. “ಇನ್ನು ಅದನ್ನು ಮುಟ್ಟಕೂಡದು” ಎಂದು ನಮ್ಮ ಮನೆಯವರು ಅಪ್ಪಣೆ ಮಾಡಿದರು. ನಾವೂ ಎದುರಾಡಲಿಲ್ಲ.

ಹೀಗಿರುವಲ್ಲಿ, ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ಉದ್ಯೋಗನಿಮಿತ್ತ ನೆಲಸಿರುವ ಮಗಳು ಅಳಿಯಂದಿರು ಕಳೆದ ವೈಶಾಖದಲ್ಲಿ ನಮ್ಮಿಬ್ಬರನ್ನೂ ತಮ್ಮಲ್ಲಿಗೆ ಕರೆಯಿಸಿಕೊಂಡರು. ಹೋಗಿ ವಾರ ಕಳೆಯುವುದರೊಳಗೆ ಮಗಳು, “ಅಪ್ಪಾ, ನಾಲ್ಕು ದಿನ ಬೈಸಿಕಲ್ಲಿನ ಮೇಲೆ ಬೆಟ್ಟದ ಸೀಮೆಯನ್ನು ನೋಡಿಕೊಂಡು ಬರೋಣ, ನೀವೂ ಬನ್ನಿ” ಎಂದಳು. ಅರುವತ್ತರ ವಯಸ್ಸು, ಅರಿಯದ ದೇಶ, ಅದರ ಮೇಲೆ ಬೆಟ್ಟ! ನಾವು ನಕ್ಕೆವು. ನಮ್ಮ ಮನೆಯವರು ನಗಲಿಲ್ಲ, “ಲಾರಿಗಳು?” ಎಂದು ಕೇಳಿದರು. “ಅಮ್ಮಾ, ಅಲ್ಲಿ ಒಂದು ಲಾರಿಯೂ ಬರುವಂತಿಲ್ಲ. ಅದು ರೈಲು ಹೋಗುತ್ತಿದ್ದ ದಾರಿ, ಈಗ ರೈಲೂ ಇಲ್ಲ” ಎಂದಳು ಮಗಳು. ಎಂಟು ವರ್ಷದ ಮೊಮ್ಮಗನು ತನ್ನ ಪುಟ್ಟ ಬೈಸಿಕಲ್ಲಿಗೆ ಆಗಲೇ ಗಾಳಿ ತುಂಬುತ್ತಿದ್ದನು. ಕೊನೆಗೆ ಹೊರಡದೆ ವಿಧಿಯಿಲ್ಲವಾಯಿತು.

ಈ ದಾರಿ ಎಂತಹುದೆಂಬುದನ್ನು ವಾಚಕರಿಗೆ ಮೊದಲು ಅರಿಕೆಮಾಡಬೇಕು. ಫ್ರೆಂಚರು ಇಂತಹ ದಾರಿಗಳನ್ನು ‘ವ್ವಾ ವರ್ತ್’ ಎಂದು ಕರೆಯುತ್ತಾರೆ. ಹಸುರು ದಾರಿ ಎಂದು ಅದರ ಅರ್ಥ. ಮೋಟಾರಿಲ್ಲದ ವಾಹನಗಳಿಗೂ, ಕಾಲುನಡಿಗೆಯವರಿಗೂ, ಕುದುರೆ ಸವಾರರಿಗೂ ಮಾತ್ರ ಮೀಸಲಾದ ಮಾರ್ಗವೆಂದು 2004ರಲ್ಲಿ ಆ ದೇಶದ ಸಂಚಾರ ನಿಯಮಾವಳಿಯೊಳಗೇ ಇದರ ಲಕ್ಷಣವನ್ನು ಸೇರಿಸಿದರು. ಇವುಗಳಲ್ಲಿ ಮೊದಲನೆಯದು ಬರ್ಗಂಡಿ ಸೀಮೆಯಲ್ಲಿ ಜಿವ್ರಿ ಎಂಬ ಊರಿನಿಂದ ಕ್ಲೂನಿಯವರೆಗೆ ಸುಮಾರು 44 ಕಿಲೋಮೀಟರು ಉದ್ದಕ್ಕೆ 1997ರಲ್ಲಿ ತೆರೆಯಲ್ಪಟ್ಟಿತು. ಕ್ಲೂನಿ ಎಂಬುದು 910ರಲ್ಲಿ ಸ್ಥಾಪಿತವಾದ ಪ್ರಸಿದ್ಧ ಕ್ರೈಸ್ತ ಮಠದ ಊರು. ಆ ದಾರಿಯೂ ಪೂರ್ವದಲ್ಲಿ ರೈಲುದಾರಿಯೇ ಆಗಿದ್ದಿತು. ಹಳಿಗಳನ್ನು ಕಿತ್ತು, ನೆಲವನ್ನು ಸಮಮಾಡಿ, ಸೇತುವೆಗಳಿಗೆ ಕಟಕಟೆ ಹಾಕಿ ಜನರಿಗೆ ಬಿಟ್ಟುಕೊಟ್ಟರು. ಅನಂತರ ದೇಶದ ನಾನಾ ಭಾಗಗಳಲ್ಲಿ ಇದೇ ಪದ್ಧತಿ ಹಬ್ಬಿತು.

ನಾವು ಹೋದುದು ಲಿಯೋನಿಗೆ ದಕ್ಷಿಣದಲ್ಲಿ, ರೋನ್ ನದಿಯ ಪಶ್ಚಿಮಕ್ಕಿರುವ ಆರ್ದೆಶ್ ಜಿಲ್ಲೆಗೆ. ಅಲ್ಲಿ ಎರಿಯೊ ಎಂಬ ಹೊಳೆಯು ಬೆಟ್ಟಗಳನ್ನು ಸೀಳಿಕೊಂಡು ರೋನ್ ನದಿಯನ್ನು ಸೇರುತ್ತದೆ. ಆ ಹೊಳೆಯ ಜೊತೆಜೊತೆಗೆ ಲಾ ವೂಲ್ತ್ ಎಂಬ ನದೀತೀರದ ಪಟ್ಟಣದಿಂದ ಹೊರಟು, ಲ ಶೇಲಾರ್ ಎಂಬ ಊರಿನಲ್ಲಿ ಕವಲೊಡೆದು, ಒಂದು ಕವಲು ಲಾಮಾಸ್ತ್ರ್ ಊರಿಗೂ ಇನ್ನೊಂದು ಸ್ಯಾಂತ್ ಆಗ್ರೇವ್ ಎಂಬ ಬೆಟ್ಟದ ಮೇಲಣ ಊರಿಗೂ ಹೋಗುವ ಹಸುರು ದಾರಿಗೆ ‘ದೋಲ್ಚೆ ವಿಯಾ’ ಎಂದು ಹೆಸರು. ಇತಾಲಿಯ ಭಾಷೆಯಲ್ಲಿ ಮಧುರ ಮಾರ್ಗವೆಂದು ಅರ್ಥವಾಗುತ್ತದೆ. ಕವಲುಗಳೂ ಸೇರಿ ಸುಮಾರು 90 ಕಿಲೋಮೀಟರು.

ಇಷ್ಟು ದುರ್ಗಮವಾದ ಸೀಮೆಗೆ ರೈಲು ಬಂದ ಬಗೆಯನ್ನು ತಿಳಿದರೆ ಈ ದಾರಿಯ ಮಾಧುರ್ಯದ ಮರ್ಮವೂ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರೇಸಿನೆ ಎಂಬ ಮಂತ್ರಿಯು ಸಣ್ಣ ಪಟ್ಟಣಗಳಿಗೂ ರೈಲು ಮುಟ್ಟಬೇಕೆಂದು ದೊಡ್ಡ ಯೋಜನೆಯನ್ನು ಹೂಡಿದನು. 1879ರಲ್ಲಿ ಅದು ಶಾಸನವಾಯಿತು. ಆ ಕಾಲದ ಉತ್ಸಾಹದಲ್ಲಿ ಬೆಟ್ಟದ ಸೀಮೆಗಳಿಗೆ ಕಿರುಹಳಿಯ ರೈಲುಗಳು ಬಂದವು. ಆರ್ದೆಶಿನ ಈ ರೈಲೂ ಒಂದು ಮೀಟರು ಅಗಲದ ಹಳಿಯದು. ಮೈಸೂರು ಸೀಮೆಯ ಹಿರಿಯರಿಗೆ ಮೀಟರು ಹಳಿಯ ಗಾಡಿಯ ನೆನಪು ಇದ್ದೇ ಇರುತ್ತದೆ; ಅದೇ ಅಳತೆ.

ಉಗಿಬಂಡಿಗೆ ಒಂದು ದೌರ್ಬಲ್ಯವುಂಟು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಮೆ. ಏರು ಹೆಚ್ಚಾದರೆ ಗಾಲಿಯು ಇದ್ದಲ್ಲಿಯೇ ತಿರುಗಿ ಜಾರುತ್ತದೆ. ಆದುದರಿಂದ ರೈಲುದಾರಿಯನ್ನು ಮಾಡುವವರು ಬೆಟ್ಟಕ್ಕೆ ಎದೆಗೊಟ್ಟು ಹತ್ತುವುದಿಲ್ಲ. ಹೊಳೆಯ ಪಕ್ಕವನ್ನು ಬಿಡದೆ, ಬೆಟ್ಟದ ಸೊಂಟವನ್ನು ಬಳಸಿ, ಅಡ್ಡ ಬಂದ ಬಂಡೆಯನ್ನು ಕೊರೆದು, ಕೊರಕಲಿಗೆ ಸೇತುವೆ ಕಟ್ಟಿ, ಮೆಲ್ಲಮೆಲ್ಲನೆ ಮೇಲಕ್ಕೇರಿಸುತ್ತಾರೆ. ಬೆಟ್ಟದ ಮಾಮೂಲು ರಸ್ತೆಯು ನೂರು ಮೀಟರು ಹೋಗುವುದರಲ್ಲಿ ಏಳೆಂಟು ಮೀಟರು ಏರಿಬಿಡಬಹುದು. ಇಂತಹ ರೈಲುದಾರಿಯು ಸಾಮಾನ್ಯವಾಗಿ ಮೂರರ ಆಸುಪಾಸನ್ನು ಮೀರುವುದಿಲ್ಲ. ಲಾ ವೂಲ್ತಿನಿಂದ ಲ ಶೇಲಾರ್‌ವರೆಗೆ ಐವತ್ತು ಕಿಲೋಮೀಟರಿಗೆ ಹತ್ತಿರವಾದ ದೂರದಲ್ಲಿ ಏರುವುದು ಮುನ್ನೂರು ನಾನೂರು ಮೀಟರು ಮಾತ್ರ; ಎಂದರೆ ನೂರಕ್ಕೆ ಒಂದು ಮೀಟರೂ ಆಗಲಿಲ್ಲ. ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ಸ್ಯಾಂತ್ ಆಗ್ರೇವಿನ ಕಡೆಗೆ ಮಾತ್ರ ಏರು ಸ್ವಲ್ಪ ಜೋರಾಗುತ್ತದೆ. ಮೇಲಕ್ಕೆ ಎತ್ತಬೇಕಾದ ಭಾರವು ಅಷ್ಟೇ. ಆದರೆ ಆ ಶ್ರಮವು ದೂರದ ಉದ್ದಕ್ಕೂ ಹಂಚಿಹೋಗುವುದರಿಂದ ಒಂದೊಂದು ತುಳಿತಕ್ಕೂ ಬೇಕಾಗುವ ಬಲ ಅಲ್ಪ. ಉಗಿಬಂಡಿಯ ದೌರ್ಬಲ್ಯವೇ ಮುದುಕರ ಮಂಡಿಗೂ ಮಕ್ಕಳ ಕಾಲಿಗೂ ಇಂದು ವರವಾಗಿದೆ.

ಆದರೆ ಆ ರೈಲು ಬದುಕಿ ಉಳಿಯಲಿಲ್ಲ. 1861ರಲ್ಲಿ ಆರ್ದೆಶ್ ಜಿಲ್ಲೆಯ ಜನಸಂಖ್ಯೆ ಸುಮಾರು 3,88,000 ಇದ್ದಿತು. 1962ರ ವೇಳೆಗೆ ಅದು ಸುಮಾರು 2,50,000ಕ್ಕೆ ಇಳಿಯಿತು. ಹೊಟ್ಟೆಪಾಡಿಗಾಗಿ ಜನರು ಕಣಿವೆಯನ್ನು ಬಿಟ್ಟು ನಗರಗಳಿಗೆ ಹೋದರು. ಉಳಿದವರನ್ನು ಮೋಟಾರು ಬಸ್ಸು ಸೆಳೆದುಕೊಂಡಿತು. 1968ರಲ್ಲಿ ರೈಲು ನಿಂತುಹೋಯಿತು. ಲಾಮಾಸ್ತ್ರ್ ಊರಿನಿಂದ ರೋನ್ ನದಿಯ ಕಡೆಗಿಳಿಯುವ ಒಂದು ತುಂಡಿನಲ್ಲಿ ಮಾತ್ರ ಹಳೆಯ ಉಗಿಬಂಡಿಯನ್ನು ಪ್ರವಾಸಿಗರಿಗಾಗಿ ಈಗಲೂ ಓಡಿಸುತ್ತಾರೆ.

ಮೊದಲನೆಯ ಬೆಳಗ್ಗೆ ಲಾ ವೂಲ್ತಿನಲ್ಲಿ ಬೈಸಿಕಲ್ಲುಗಳನ್ನು ಬಾಡಿಗೆಗೆ ತೆಗೆದುಕೊಂಡೆವು. ನಮ್ಮ ಮನೆಯವರು ವಿದ್ಯುತ್ತಿನ ನೆರವುಳ್ಳ ವಾಹನವೊಂದನ್ನು ಸಂಕೋಚವಿಲ್ಲದೆ ಆರಿಸಿಕೊಂಡರು. ಮದುವೆಗೆ ಮುಂಚೆ ತಮ್ಮ ಅಣ್ಣನ ಬೈಸಿಕಲ್ಲನ್ನು ಕದ್ದು ಕಲಿತಿದ್ದರೆಂಬ ಸಂಗತಿಯು ಮೂವತ್ತೈದು ವರ್ಷಗಳ ದಾಂಪತ್ಯದಲ್ಲಿ ನಮಗೆ ಅಂದೇ ತಿಳಿದುದು! ಆ ವಾಹನದ ವಿದ್ಯುತ್ತು ತುಳಿಯುವಾಗ ಮಾತ್ರ ಜೊತೆಗೂಡುತ್ತದೆ. ವೇಗವು ಗಂಟೆಗೆ 25 ಕಿಲೋಮೀಟರು ಮುಟ್ಟಿದರೆ ತಾನಾಗಿ ಸುಮ್ಮನಾಗುತ್ತದೆ. ಆದುದರಿಂದ ಅಲ್ಲಿಯ ಕಾನೂನು ಅದನ್ನು ಬೈಸಿಕಲ್ಲೆಂದೇ ಎಣಿಸುತ್ತದೆ. “ಮಾವ, ನೀವೂ ಅದನ್ನೇ ತೆಗೆದುಕೊಳ್ಳಿ” ಎಂದು ಅಳಿಯಂದಿರು ಹೇಳಿದರು. ಮೂವತ್ತು ವರ್ಷ ತುಳಿದ ಕಾಲಿಗೆ ಯಂತ್ರದ ಹಂಗೇ? ನಾವು ಒಪ್ಪಲಿಲ್ಲ.

ಊರನ್ನು ದಾಟಿ ಹಸುರು ದಾರಿಯನ್ನು ಹಿಡಿದ ಮೇಲೆ ಮೊದಲು ಅನುಭವಕ್ಕೆ ಬಂದುದು ಕಣ್ಣಿಗಲ್ಲ, ಕಿವಿಗೆ. ಗಾಲಿಯ ಕೆಳಗೆ ಸಣ್ಣ ಹರಳಿನ ಸದ್ದು, ಕೆಳಗೆ ಹೊಳೆಯ ಸದ್ದು, ಮೇಲೆ ಹಕ್ಕಿಗಳ ಸದ್ದು. ಬೇರೆ ಏನೂ ಇಲ್ಲ. ಆದರೂ ನಮ್ಮ ಕತ್ತು ಮಾತ್ರ ಮೇಲಿಂದ ಮೇಲೆ ಹಿಂದಕ್ಕೆ ತಿರುಗುತ್ತಿದ್ದಿತು. ಲಾರಿಯ ಭಯವು ದೇಹದಲ್ಲಿ ಅಷ್ಟು ಆಳವಾಗಿ ಬೇರೂರಿದ್ದಿತು. ಗಂಟೆಯೊಂದು ಕಳೆದ ಮೇಲೆ, ಬಹಳ ಹೊತ್ತಿನಿಂದ ನಾವು ಹಿಂದಕ್ಕೆ ನೋಡಿಲ್ಲವೆಂಬುದು ಹೊಳೆಯಿತು. ಆ ಕ್ಷಣದಲ್ಲಿ ಆದ ಹಗುರವನ್ನು ಹೇಗೆ ಬಣ್ಣಿಸೋಣ?

ಕಣಿವೆಯ ಎರಡು ಮಗ್ಗುಲಲ್ಲೂ ಮೆಟ್ಟಿಲುಮೆಟ್ಟಿಲಾಗಿ ಕಲ್ಲುಗೋಡೆಗಳು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲನ್ನು ಕಚ್ಚಿಸಿ, ತಲೆಮಾರುಗಳ ಕಾಲ ಬೆವರು ಸುರಿಸಿ, ರೈತರು ಅಂಗೈಯಗಲದ ಹೊಲಗಳನ್ನು ಮಾಡಿಕೊಂಡಿದ್ದರು. ಈಗ ಬಹುಪಾಲು ಗೋಡೆಗಳನ್ನು ಕಾಡು ಆವರಿಸಿದೆ. ಹಳದಿ ಹೂವಿನ ಪೊದೆಗಳು ಅವುಗಳ ಮೇಲೆ ಬೆಳೆದಿವೆ. ತಗ್ಗಿನಲ್ಲಿ ಹಣ್ಣಿನ ತೋಟಗಳು. ಮೇಲೆ ‘ಚೆಸ್ಟ್‌ನಟ್’ ಮರಗಳ ತೋಪುಗಳು. ಈ ಮರದ ಕಾಯನ್ನು ಒಣಗಿಸಿ ಹಿಟ್ಟುಮಾಡಿ ಬಡವರು ಹೊಟ್ಟೆ ಹೊರೆಯುತ್ತಿದ್ದುದರಿಂದ ಇದಕ್ಕೆ ‘ರೊಟ್ಟಿಯ ಮರ’ವೆಂದು ಹೆಸರಿದ್ದಿತು, ನಮ್ಮ ರಾಗಿಯಂತೆ ಎನ್ನಿ. ಇದೇ ಜಿಲ್ಲೆಯ ಪ್ರಿವಾ ಪಟ್ಟಣದಲ್ಲಿ ಕ್ಲೆಮಾಂ ಫೋಜಿಯೆ ಎಂಬವನು 1885ರಲ್ಲಿ ಈ ಕಾಯಿಗೆ ಸಕ್ಕರೆ ಸೇರಿಸಿ ಅರೆದು ಒಂದು ಬಗೆಯ ಸಿಹಿ ಲೇಹವನ್ನು ಮಾಡತೊಡಗಿದನು. ಅದನ್ನು ರೊಟ್ಟಿಗೆ ಹಚ್ಚಿ ತಿಂದೆವು. ನಮ್ಮ ಮನೆಯವರು ಮಾತ್ರ ಊರಿನಿಂದ ತಂದಿದ್ದ ಚಟ್ನಿಪುಡಿಯ ಪಕ್ಷವನ್ನು ಬಿಡಲಿಲ್ಲ.

ಹೊಳೆಯ ದಂಡೆಯಲ್ಲಿ ಅಲ್ಲಲ್ಲಿ ಸಾಲುಕಿಟಕಿಗಳ ಎತ್ತರವಾದ ಹಳೆಯ ಕಟ್ಟಡಗಳು ಕಾಣುತ್ತವೆ. ಅವು ನೀರಿನ ಬಲದಿಂದ ರೇಷ್ಮೆಯ ನೂಲನ್ನು ಹುರಿಮಾಡುತ್ತಿದ್ದ ಕಾರ್ಖಾನೆಗಳು. ಇದೇ ಸೀಮೆಯ ಒಲಿವಿಯೆ ದ ಸೆರ್ ಎಂಬ ಕೃಷಿಪಂಡಿತನು ನಾಲ್ಕನೆಯ ಹೆನ್ರಿ ರಾಜನ ಕಾಲದಲ್ಲಿ ಹಿಪ್ಪುನೇರಳೆಯ ಬೇಸಾಯಕ್ಕೆ ಪ್ರೋತ್ಸಾಹ ಕೊಡಿಸಿದನು. 1600ರಲ್ಲಿ ಅವನ ಕೃಷಿಗ್ರಂಥ ಪ್ರಕಟವಾಯಿತು. ಇಲ್ಲಿಯ ನೂಲು ಲಿಯೋನಿನ ಮಗ್ಗಗಳಿಗೆ ಹೋಗುತ್ತಿದ್ದಿತು. ರೇಷ್ಮೆಯ ನಾಡಿನಿಂದ ಹೋದ ನಮಗೆ ಆ ಮುಚ್ಚಿದ ಕಿಟಕಿಗಳನ್ನು ಕಂಡು ಮನಸ್ಸು ಮಿಡುಕಿತು.

ಅಂದು ಮಧ್ಯಾಹ್ನ ಒಂದು ಪ್ರಸಂಗ ನಡೆಯಿತು. ಬೆಟ್ಟದ ತಿರುವೊಂದರಲ್ಲಿ ಮೊಮ್ಮಗನು ನಮ್ಮೆಲ್ಲರನ್ನೂ ಹಿಂದಿಕ್ಕಿ ಕಣ್ಮರೆಯಾದನು. ನಮ್ಮ ಮನೆಯವರು ಗಾಬರಿಗೊಂಡು ಕೂಗಿದರು. ಮಗಳು ಮಾತ್ರ, “ಅಮ್ಮಾ, ಇಲ್ಲಿ ಅವನಿಗೆ ಏನೂ ಆಗುವುದಿಲ್ಲ, ರಸ್ತೆ ಅಡ್ಡಬರುವ ಕಡೆ ನಿಲ್ಲಬೇಕೆಂದು ಅವನಿಗೆ ಗೊತ್ತು” ಎಂದು ತನ್ನ ಗತಿಯಲ್ಲಿಯೇ ತುಳಿಯುತ್ತಿದ್ದಳು. ಕಿಲೋಮೀಟರು ದಾಟಿದ ಮೇಲೆ, ಊರಿನ ರಸ್ತೆಯೊಂದು ದಾರಿಯನ್ನು ಕತ್ತರಿಸುವಲ್ಲಿ, ಗೂಟದ ಪಕ್ಕದಲ್ಲಿ ಬೈಸಿಕಲ್ಲು ಒರಗಿಸಿ ಅವನು ಹುಲ್ಲಿನ ಮೇಲೆ ಕುಳಿತಿದ್ದನು. “ತಾತ, ನಾನು ಒಬ್ಬನೇ ಬಂದೆ!” ಎಂದನು. ಆ ಮುಖದ ಕಾಂತಿಯನ್ನು ಕಂಡಾಗ ನಮ್ಮ ಬೀದಿಯ ಮಕ್ಕಳ ನೆನಪಾಯಿತು. ಎಂಟು ವರ್ಷದ ಹುಡುಗನಿಗೆ ಒಬ್ಬನೇ ಒಂದು ಕಿಲೋಮೀಟರು ಹೋಗುವ ಸ್ವಾತಂತ್ರ್ಯವನ್ನು ನಾವು ಎಂದೋ ಕಸಿದುಕೊಂಡಿದ್ದೇವೆ. ನಾವು ಬಾಲ್ಯದಲ್ಲಿ ಅದನ್ನು ಧಾರಾಳವಾಗಿ ಅನುಭವಿಸಿದವರೇ.

ಅಲ್ಲಿಯೇ ಕುಳಿತು ಅವನಿಗೊಂದು ಪಾಠ ಹೇಳಿದೆವು, ಅಭ್ಯಾಸಬಲ! ‘ಸೈಕಲ್’ ಎಂಬುದು ಗ್ರೀಕರ ‘ಕುಕ್ಲೊಸ್’ ಎಂಬ ಶಬ್ದದಿಂದ ಬಂದುದು. ಅದೂ ನಮ್ಮ ‘ಚಕ್ರ’ವೂ ಒಂದೇ ಮೂಲದ ಒಡಹುಟ್ಟಿದವು. ‘ಪೆಡಲು’ ಲ್ಯಾಟಿನ್ನಿನ ಪಾದವಾಚಕದಿಂದ ಬಂದುದು. ಅದೂ ನಮ್ಮ ‘ಪಾದ’ವೂ ಅಂತೆಯೇ. “ಹಾಗಾದರೆ ನಾವು ಸಂಸ್ಕೃತದಲ್ಲೇ ತುಳಿಯುತ್ತಿದ್ದೇವೆಯೇ, ತಾತ?” ಎಂದು ಕೇಳಿದನು. ಇಂತಹ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳಿದ್ದಿಲ್ಲ.

ಬೈಸಿಕಲ್ಲಿನ ಪ್ರವಾಸವೆಂಬ ವಿಷಯದಲ್ಲಿ ಫ್ರೆಂಚರು ಗುರುವೆಂದು ಗೌರವಿಸುವ ಒಬ್ಬ ಮಹನೀಯರನ್ನು ಇಲ್ಲಿ ಸ್ಮರಿಸಬೇಕು. ಪಾಲ್ ದ ವಿವಿ ಎಂದು ಅವರ ಹೆಸರು. ‘ವೆಲೊಸಿಯೊ’ ಎಂಬುದು ಕಾವ್ಯನಾಮದಂತಹ ಪ್ರಸಿದ್ಧನಾಮ. 1853ರಲ್ಲಿ ಹುಟ್ಟಿದ ಇವರು ಆರ್ದೆಶಿಗೆ ಉತ್ತರದಲ್ಲಿರುವ ಸ್ಯಾಂತ್ ಎತಿಯೆನ್ ನಗರದಲ್ಲಿ ರೇಷ್ಮೆಯ ವ್ಯಾಪಾರ ಮಾಡುತ್ತಿದ್ದವರು. ಬೈಸಿಕಲ್ಲಿನ ಮೋಹ ಹತ್ತಿದ ಮೇಲೆ ಆ ವ್ಯಾಪಾರವನ್ನು ಬಿಟ್ಟು, 1887ರಲ್ಲಿ ಬೈಸಿಕಲ್ಲಿನ ಅಂಗಡಿಯನ್ನೂ ಒಂದು ಮಾಸಪತ್ರಿಕೆಯನ್ನೂ ಆರಂಭಿಸಿದರು. ಏರಿಗೆ ಒಂದು, ಸಮನೆಲಕ್ಕೆ ಒಂದು, ಹೀಗೆ ಬೇರೆಬೇರೆ ಹಲ್ಲುಚಕ್ರಗಳಿರಬೇಕೆಂದು ಅವರು ಜೀವಮಾನವೆಲ್ಲ ಪ್ರತಿಪಾದಿಸಿದರು. ಪಂದ್ಯಗಾರರು ಇದನ್ನು ಮುದುಕರ ಉಪಾಯವೆಂದು ಹಳಿದರು. 1903ರಲ್ಲಿ ಆರಂಭವಾದ ‘ತೂರ್ ದ ಫ್ರಾನ್ಸ್’ ಎಂಬ ಜಗತ್ಪ್ರಸಿದ್ಧ ಪಂದ್ಯದಲ್ಲಿ ಸರಪಳಿಯನ್ನು ಚಕ್ರದಿಂದ ಚಕ್ರಕ್ಕೆ ಹಾರಿಸುವ ಯಂತ್ರಕ್ಕೆ ಅನುಮತಿ ದೊರೆತುದು 1937ರಲ್ಲಿ. ಇಂದು ಅಂತಹ ಯಂತ್ರವಿಲ್ಲದ ಪಂದ್ಯದ ಬೈಸಿಕಲ್ಲನ್ನು ಅಲ್ಲಿ ಯಾರೂ ಕಾಣರು.

ವೆಲೊಸಿಯೊ ಅವರು ಶಾಕಾಹಾರಿಗಳು. ಸವಾರರಿಗಾಗಿ ಅವರು ಏಳು ವಿಧಿಗಳನ್ನು ರಚಿಸಿದ್ದಾರೆ. ಹಸಿವಾಗುವುದಕ್ಕೆ ಮುಂಚೆ ಉಣ್ಣುವುದು, ಬಾಯಾರುವುದಕ್ಕೆ ಮುಂಚೆ ಕುಡಿಯುವುದು, ಸವಾರಿಯಲ್ಲಿ ಮದ್ಯ ಮಾಂಸ ಹೊಗೆಸೊಪ್ಪುಗಳನ್ನು ವರ್ಜಿಸುವುದು, ದಣಿವಿನ ಎಲ್ಲೆಯನ್ನು ಮೀರದಿರುವುದು ಮುಂತಾದವು ಅದರಲ್ಲಿವೆ. ಎಲ್ಲಕ್ಕೂ ಕೊನೆಯದು, ಬರಿಯ ಅಭಿಮಾನಕ್ಕಾಗಿ ತುಳಿಯಬಾರದೆಂಬುದು. ಸ್ಯಾಂತ್ ಎತಿಯೆನ್ ಮೇಲಣ 1,161 ಮೀಟರು ಎತ್ತರದ ರಿಪಬ್ಲಿಕ್ ಕಣಿವೆಬಾಗಿಲಿನಲ್ಲಿ ಅವರ ಸ್ಮಾರಕವಿದೆ. ಇಷ್ಟು ಬೆಟ್ಟಗಳನ್ನು ಕ್ಷೇಮವಾಗಿ ಏರಿಳಿದ ಆ ಹಿರಿಯರು 1930ರಲ್ಲಿ, ತಮ್ಮದೇ ನಗರದ ಬೀದಿಯಲ್ಲಿ, ಟ್ರಾಮು ಗಾಡಿ ತಗಲಿ ತೀರಿಕೊಂಡರು. ಇದನ್ನು ಕೇಳಿದಾಗ ನಮ್ಮ ಮೊಣಕೈಯ ಹಳೆಯ ಗಾಯದ ಕಡೆಗೆ ನಮಗೆ ತಿಳಿಯದಂತೆಯೇ ಕೈ ಹೋಯಿತು.

ಅವರ ಕೊನೆಯ ವಿಧಿಯನ್ನು ಅಳಿಯಂದಿರು ಎರಡನೆಯ ರಾತ್ರಿ ಲ ಶೇಲಾರ್‌ನಲ್ಲಿ ಓದಿ ಹೇಳಿದರು, ನಾವು ತಲೆದೂಗಿದೆವು. ಮಾರನೆಯ ದಿನವೇ ಅದನ್ನು ಮುರಿದೆವು. ದಾರಿಯಿಂದ ಮೇಲೆ ಗುಡ್ಡದ ನೆತ್ತಿಯಲ್ಲಿ ಒಂದು ಹಳ್ಳಿ, ಅದರ ದೇವಾಲಯದ ಗೋಪುರ ಕಾಣುತ್ತಿದ್ದಿತು. ಹಸುರು ದಾರಿಯನ್ನು ಬಿಟ್ಟು ಅಲ್ಲಿಗೆ ಮೋಟಾರು ರಸ್ತೆಯಲ್ಲಿ ಹತ್ತಿಬರುತ್ತೇವೆಂದು ಹೊರಟೆವು. ಎರಡು ದಿನದ ಸಲೀಸು ನಮ್ಮ ತಲೆಗೆ ಏರಿದ್ದಿತು. ಮೊದಲನೆಯ ತಿರುವಿನಲ್ಲಿ ಉಸಿರು ಹೆಚ್ಚಿತು. ಎರಡನೆಯದರಲ್ಲಿ ಅತ್ಯಂತ ಸಣ್ಣ ಹಲ್ಲುಚಕ್ರವೂ ಸೋತಿತು. ಮೂರನೆಯದರಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡು, ಇಳಿಯಲೂ ಬಾರದೆ ಗೋಡೆಗೆ ಒರಗಿಬಿಟ್ಟೆವು. ಆಗ ಎಪ್ಪತ್ತು ದಾಟಿದ ವೃದ್ಧೆಯೊಬ್ಬಳು ವಿದ್ಯುತ್ತಿನ ಬೈಸಿಕಲ್ಲಿನ ಬುಟ್ಟಿಯಲ್ಲಿ ಉದ್ದನೆಯ ರೊಟ್ಟಿಯನ್ನಿಟ್ಟುಕೊಂಡು, “ಬೊಂಜೂರ್” ಎಂದು ಮುಗುಳುನಕ್ಕು ಮೇಲಕ್ಕೆ ಹೊರಟುಹೋದಳು. ದಾರಿಯನ್ನೂ ಪರ್ವತವನ್ನೂ ಮೆಲ್ಲನೆ ದಾಟಬೇಕೆಂಬ ಸಂಸ್ಕೃತದ ನೀತಿಯನ್ನು ಎಷ್ಟು ತಂಡದ ಹುಡುಗರಿಗೆ ನಾವು ಬಾಯಿಪಾಠ ಮಾಡಿಸಿದ್ದೆವು! ಬೈಸಿಕಲ್ಲನ್ನು ತಳ್ಳಿಕೊಂಡು ಕೆಳಕ್ಕಿಳಿದೆವು. ನಮ್ಮ ಮನೆಯವರು ಕಾಲನ್ನು ತಿಕ್ಕುತ್ತ ಏನೂ ಅನ್ನಲಿಲ್ಲ. ಆ ಮೌನವು ಬೈಗಿಂತ ಹೆಚ್ಚಾಗಿದ್ದಿತು.

ಈ ದಾರಿಗಳಲ್ಲಿ ಕುಂದೇ ಇಲ್ಲವೆಂದು ನಾವು ಹೇಳುವುದಿಲ್ಲ. ಊರುಗಳ ಬಳಿ ಮೋಟಾರು ರಸ್ತೆಗಳನ್ನು ದಾಟಬೇಕಾಗುತ್ತದೆ. ಅಲ್ಲಿ ಇಳಿದು ನೋಡಿ ದಾಟುವುದು ಒಳ್ಳಿತು. ಮಳೆ ಬಂದರೆ ಹರಳಿನ ನೆಲ ಬಟ್ಟೆಗೆ ಕೆಸರು ಹಾರಿಸುತ್ತದೆ. ಸುರಂಗಗಳಲ್ಲಿ ಬಿಸಿಲಿನಲ್ಲಿಯೂ ಚಳಿಯಾದುದರಿಂದ ಒಂದು ಹೊದಿಕೆ ಬೇಕು. ಬರ್ಗಂಡಿಯ ದಾರಿಯಲ್ಲಿ ಕ್ಲೂನಿಯ ಆಚೆಗೆ ಬ್ವಾ ಕ್ಲೇರ್ ಎಂಬ 1,600 ಮೀಟರು ಉದ್ದದ ಸುರಂಗವಿದೆ. ಚಳಿಗಾಲದಲ್ಲಿ ಬಾವಲಿಗಳು ಅಲ್ಲಿ ನಿದ್ರಿಸುವುದರಿಂದ ಆ ತಿಂಗಳುಗಳಲ್ಲಿ ಅದನ್ನು ಮುಚ್ಚಿ, ಸವಾರರನ್ನು ಬೆಟ್ಟದ ಮೇಲಿಂದ ಬಳಸಿ ಹೋಗುವಂತೆ ಮಾಡುತ್ತಾರೆ. ಮನುಷ್ಯರ ವಿಹಾರಕ್ಕಿಂತ ಬಾವಲಿಯ ನಿದ್ದೆಗೆ ಮನ್ನಣೆ ಕೊಡುವ ಈ ಏರ್ಪಾಡು ನಮಗೆ ಬಹಳ ಮೆಚ್ಚಿಗೆಯಾಯಿತು.

ನಾಲ್ಕನೆಯ ದಿನ ಲಾ ವೂಲ್ತಿಗೆ ಹಿಂದಿರುಗುವಾಗ ದಾರಿಯೆಲ್ಲ ಇಳಿಜಾರು. ಆದರೆ ಎಷ್ಟು ನಯವಾದ ಇಳಿಜಾರೆಂದರೆ ಕಣ್ಣಿಗೆ ಸಮನೆಲವಾಗಿಯೇ ಕಾಣುತ್ತದೆ. ಗಾಲಿಗೆ ಮಾತ್ರ ಗೊತ್ತು. ಹಳೆಯ ನಿಲ್ದಾಣದ ಕಟ್ಟಡಗಳು ಹೋಗುವಾಗ ಕಂಡ ಕ್ರಮಕ್ಕೆ ವಿಪರೀತವಾಗಿ ಒಂದೊಂದಾಗಿ ಹಿಂದೆ ಸರಿದವು. ಕೆಲವು ಪಾಳುಬಿದ್ದಿವೆ, ಕೆಲವಲ್ಲಿ ಕಾಫಿ ಮಾರುತ್ತಾರೆ. ಜನರು ಬಿಟ್ಟುಹೋದ ಕಣಿವೆಗೆ ಜನರು ಮತ್ತೆ ಮೆಲ್ಲನೆ ಬರುತ್ತಿದ್ದಾರೆ. ರೈಲನ್ನು ಉಳಿಸಿಕೊಳ್ಳಲಾರದೆ ಹೋದ ಸೀಮೆಯು ಅದರ ದಾರಿಯನ್ನಾದರೂ ಮಾರಿಕೊಳ್ಳದೆ ಇಟ್ಟುಕೊಂಡುದರ ಫಲವಿದು.

ಊರಿಗೆ ಬಂದು ಮೂರು ತಿಂಗಳಾಯಿತು. ಕೊಟ್ಟಿಗೆಯ ಬೈಸಿಕಲ್ಲಿನ ಹಿಡಿಯನ್ನು ನೇರಮಾಡಿಸಿ, ಗಾಲಿಗೆ ಹೊಸ ಟ್ಯೂಬು ಹಾಕಿಸಿದ್ದೇವೆ. ಹೆದ್ದಾರಿಗೆ ಹೋಗುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ. ಊರ ಕೆರೆಯ ಏರಿಯು ಒಂದೂವರೆ ಕಿಲೋಮೀಟರು ಉದ್ದವಿದೆ. ಬೆಳಗಿನ ಆರು ಗಂಟೆಗೆ ಅಲ್ಲಿ ಎತ್ತುಗಳ ಹೊರತು ಯಾರೂ ಎದುರಾಗುವುದಿಲ್ಲ. ನೆರೆಮನೆಯ ಹುಡುಗಿಯೊಬ್ಬಳು ತನ್ನ ಬೈಸಿಕಲ್ಲಿನೊಡನೆ ಕಳೆದ ವಾರದಿಂದ ನಮ್ಮ ಜೊತೆ ಬರುತ್ತಿದ್ದಾಳೆ. ಅವಳ ತಾಯಿ ಮೊದಲ ಮೂರು ದಿನ ಏರಿಯ ತುದಿಯಲ್ಲಿ ನಿಂತು ನೋಡುತ್ತಿದ್ದರು; ನಾಲ್ಕನೆಯ ದಿನ ಬರಲಿಲ್ಲ. ಬೈಸಿಕಲ್ಲುಗಳಿಗೂ ಕಾಲುನಡಿಗೆಯವರಿಗೂ ಮಾತ್ರವೆಂದು ಆ ಏರಿಯ ಎರಡು ತುದಿಗೂ ಒಂದೊಂದು ಗೂಟ ನೆಡಿಸಬೇಕೆಂದು ಪಂಚಾಯಿತಿಗೆ ಒಂದು ಮನವಿಯನ್ನು ಬರೆದಿಟ್ಟಿದ್ದೇವೆ. ರುಜು ಹಾಕಿದವರು ಈವರೆಗೆ ಹನ್ನೊಂದು ಮಂದಿ. ಹನ್ನೆರಡನೆಯ ರುಜುವನ್ನು ನಿನ್ನೆ ರಾತ್ರಿ, ನಾವು ಕೇಳದೆಯೇ, ನಮ್ಮ ಮನೆಯವರು ಹಾಕಿದರು.